ಒಣಗುವಾಗ ಸೀಳದ ಜೆಲ್ ಕುಲುಮೆಯಲ್ಲಿ ಸಿಡಿಯಿತು

ನನಗೆ ಬೇಕಿದ್ದದ್ದು ರೂಪಾಯಿ ನಾಣ್ಯದಷ್ಟು ಅಗಲದ ಪಾರದರ್ಶಕ ಸಿಲಿಕಾ ಬಿಲ್ಲೆ. ಮೋಲ್ ಲೆಕ್ಕದಲ್ಲಿ ಟಿಇಒಎಸ್ (ನೀರಿನೊಡನೆ ಸೇರಿ ಸಿಲಿಕಾ ಕೊಡುವ ದ್ರವ, ಟೆಟ್ರಾಈಥೈಲ್ ಆರ್ಥೋಸಿಲಿಕೇಟ್) ಒಂದು ಪಾಲು, ಎಥನಾಲ್ ನಾಲ್ಕು, ನೀರು ಆರು. ಪಿಎಚ್ 2ರ ಆಸುಪಾಸಿಗೆ ಬರುವಷ್ಟು ಹೈಡ್ರೋಕ್ಲೋರಿಕ್ ಆಮ್ಲ. ಜೆಲ್ ಚೆನ್ನಾಗಿಯೇ ಕಟ್ಟಿತು. ಒಣಗಲು ಇಟ್ಟ ನಾಲ್ಕನೇ ಬೆಳಿಗ್ಗೆ ನೋಡಿದರೆ ಡಬ್ಬಿಯ ತುಂಬ ಚೂರು.

ಮೊದಲು ನನ್ನ ಕೈಯನ್ನೇ ಬೈದುಕೊಂಡೆ. ಆಮೇಲೆ ಲೆಕ್ಕ ಹಾಕಿದೆ: ಜೆಲ್ ತುಂಬ ಇರುವ ಸೂಕ್ಷ್ಮ ರಂಧ್ರಗಳಲ್ಲಿ ಒಂದರ ತ್ರಿಜ್ಯ 5 ನ್ಯಾನೋಮೀಟರ್ ಇದ್ದರೆ, ಅದರೊಳಗಿನ ನೀರು ಆರುವಾಗ ಗೋಡೆಗಳನ್ನು ಎಳೆಯುವ ಬಲ ವಾತಾವರಣದ ಒತ್ತಡದ 280 ಪಟ್ಟಿಗೂ ಹೆಚ್ಚು! ರಂಧ್ರಗಳೆಲ್ಲ ಒಂದೇ ಅಳತೆಯವಾಗಿದ್ದರೆ ಹೇಗೋ ತಡೆಯುತ್ತದೆ. ದೊಡ್ಡವು ಬರಿದಾಗಿ ಪಕ್ಕದ ಸಣ್ಣವು ಇನ್ನೂ ತುಂಬಿಕೊಂಡಿದ್ದರೆ ಸೀಳದೆ ಗತಿಯಿಲ್ಲ.

ಹಾಗಾಗಿ ನಿಧಾನವಾಗಿ ಆರುವ ಫಾರ್ಮಮೈಡ್ ಎಂಬ ದ್ರವದ ಮೊರೆಹೋದೆ. ಅಮೆರಿಕದ ವಸ್ತುವಿಜ್ಞಾನಿ ಲ್ಯಾರಿ ಹೆಂಚ್ ಮತ್ತು ಸಂಗಡಿಗರು 1980ರ ದಶಕದಲ್ಲೇ ಬಳಸಿದ ಉಪಾಯ ಇದು. ಎಥನಾಲ್‌ನ ಅರ್ಧದಷ್ಟನ್ನು ತೆಗೆದು ಆ ಜಾಗಕ್ಕೆ ಇದನ್ನು ಹಾಕಿದೆ, ಗ್ಲೌಸ್ ತೊಟ್ಟು, ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ; ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುವ ದ್ರವ ಅದು. ಇದು ಸೇರಿದರೆ ಜಲವಿಭಜನೆ, ಅಂದರೆ ನೀರು ಟಿಇಒಎಸ್ಅನ್ನು ಒಡೆಯುವುದು, ನಿಧಾನವಾಗುತ್ತದೆ, ಸಿಲಿಕಾ ಕೊಂಡಿಗಳು ಬೆಸೆಯುವುದು ಮಾತ್ರ ಚುರುಕಾಗುತ್ತದೆ. ರಂಧ್ರಗಳು ದೊಡ್ಡದಾಗಿ, ಹೆಚ್ಚುಕಡಿಮೆ ಸಮನಾಗಿ ಬರುತ್ತವೆ. ಎಥನಾಲ್ 78 ಡಿಗ್ರಿಗೆ, ನೀರು 100ಕ್ಕೆ ಕುದಿದರೆ ಫಾರ್ಮಮೈಡ್ ಕುದಿಯಲು 210 ಬೇಕು. ಅವೆರಡೂ ಹೊರಟುಹೋದ ಮೇಲೂ ಇದು ರಂಧ್ರದಲ್ಲೇ ಕೂತಿರುತ್ತದೆ.

ಬಿಲ್ಲೆಗಳು ಇಡಿಯಾಗಿ ಒಣಗಿದವು. ಸ್ನೇಹಿತರಿಗೆಲ್ಲ ತೋರಿಸಿ ಬೀಗಿದ್ದೂ ಆಯಿತು. ಮರುದಿನ ಅವನ್ನು ಗಟ್ಟಿ ಮಾಡಲು ಕುಲುಮೆಗೆ ಹಾಕಿ, ನಿಮಿಷಕ್ಕೆ 5 ಡಿಗ್ರಿಯಂತೆ ಬಿಸಿ ಏರಿಸಿದೆ. ಬಾಗಿಲು ತೆಗೆದಾಗ ಕಂಡದ್ದು ಕಂದುಬಣ್ಣದ ಪುಡಿ. ಒಣಗುವಾಗ ಕಾಪಾಡಿದ ಆ ದ್ರವವೇ ಒಳಗೆ ಉಳಿದು, ಒಮ್ಮೆಲೇ ಆವಿಯಾಗಿ ಸಿಡಿಸಿತ್ತು. ಫಾರ್ಮಮೈಡ್ ಬದಲು ಹಾಕಿ ನೋಡಿದ ಗ್ಲಿಸರಾಲ್ ಇನ್ನೂ ಹಟಮಾರಿ. ಅದು ಕುದಿಯುವುದು 290ರಲ್ಲಿ; ಅದನ್ನು ಹಾಕಿದ ಬಿಲ್ಲೆಗಳು ಸುಟ್ಟು ಕರಿಯಾದವು.

ಈಗ ಜೆಲ್ ಗಟ್ಟಿಯಾದ ಮೇಲೆ, ಒಳಗಿನ ಫಾರ್ಮಮೈಡ್ ತೊಳೆದುಹೋಗಲೆಂದು, ಒಂದು ವಾರ ಎಥನಾಲ್‌ನಲ್ಲಿ ಮುಳುಗಿಸಿಡುತ್ತೇನೆ, ದಿನಕ್ಕೊಮ್ಮೆ ಎಥನಾಲ್ ಬದಲಿಸುತ್ತೇನೆ. ನಿಧಾನವಾಗಿ ಒಣಗಲೆಂದು ಡಬ್ಬಿಯ ಮುಚ್ಚಳಕ್ಕೆ ಸೂಜಿಯಿಂದ ಎರಡೇ ತೂತು. ಕುಲುಮೆ ನಿಮಿಷಕ್ಕೆ ಅರ್ಧ ಡಿಗ್ರಿಯಂತೆ ಏರಬೇಕು, 220ರಲ್ಲಿ ರಾತ್ರಿಯಿಡೀ ನಿಲ್ಲಬೇಕು. ಬೇಸರದ ಕೆಲಸ, ನಿಜ. ಕಳೆದ ಸಲ ಹನ್ನೆರಡರಲ್ಲಿ ಒಂಬತ್ತು ಉಳಿದವು. ಅದರಲ್ಲೊಂದನ್ನು ಮೇಜಿನ ಮೇಲಿಟ್ಟು ಕೈ ತೊಳೆದು ಬಂದೆ. ಬೆರಳಿನಿಂದ ಒಂದು ಹನಿ ನೀರು ಬಿತ್ತು, ಟಕ್ ಎಂದು ಎರಡಾಯಿತು.