ಮಂಡಕ್ಕಿ ಮೆತ್ತಗಾಗುವ ಊರಿಗೆ ಹೊರಡುವ ಮುಂಚೆ

ನನ್ನ ತಂಗಿಯ ಮಗಳು, ಅವಳ ಗಂಡ ಇಬ್ಬರದೂ ಮನೆಯಲ್ಲೇ ಕೂತು ಮಾಡುವ ಕಂಪ್ಯೂಟರ್ ಕೆಲಸ. ಜನವರಿಯಲ್ಲಿ ಅಂಡಮಾನಿಗೆ ಹೋಗಿ ಐದು ದಿನ ಇದ್ದು ಬಂದರು. ಬಂದವರೇ, "ದೊಡ್ಡಮ್ಮ, ದಾವಣಗೆರೆ ಮನೆ ಮಾರಿ ಹ್ಯಾವ್‌ಲಾಕ್‌ನಲ್ಲೇ ಇದ್ದುಬಿಡ್ತೀವಿ" ಎಂದರು. ನಮ್ಮ ಬಳಗದಲ್ಲಿ ಆ ಕಡೆ ಸಂಸಾರ ಮಾಡಿದವಳು ನಾನೊಬ್ಬಳೇ. 2011ರಲ್ಲಿ ನಮ್ಮ ಮನೆಯವರಿಗೆ ಪೋರ್ಟ್ ಬ್ಲೇರ್‌ಗೆ ವರ್ಗವಾಗಿ ನಾಲ್ಕು ವರ್ಷ ಅಲ್ಲಿದ್ದೆವು. ಈಗ ಅದು ಶ್ರೀ ವಿಜಯಪುರಂ, ಹ್ಯಾವ್‌ಲಾಕ್ ಹೋಗಿ ಸ್ವರಾಜ್ ದ್ವೀಪ ಆಗಿದೆ. ನನ್ನ ಬಾಯಿಗೆ ಮಾತ್ರ ಹಳೇ ಹೆಸರೇ ಬರುತ್ತದೆ.

ನಾನು ಕೇಳಿದ್ದು ಒಂದೇ ಮಾತು. "ಜುಲೈನಲ್ಲಿ ನೋಡಿದ್ದೀಯೇನೇ?"

ಜನವರಿಯಲ್ಲಿ ಅಲ್ಲಿ ಬಿಸಿಲು, ನೀಲಿ ನೀರು, ತಂಗಾಳಿ. ಯಾರಿಗೆ ತಾನೇ ಬಿಟ್ಟು ಬರಲು ಮನಸ್ಸಾಗುತ್ತದೆ? ಆದರೆ ಮೇ ತಿಂಗಳಲ್ಲಿ ಹಿಡಿದ ಮಳೆ ಡಿಸೆಂಬರ್‌ವರೆಗೂ ಬಿಟ್ಟು ಬಿಟ್ಟು ಹೊಡೆಯುತ್ತದೆ. ನಮ್ಮ ಮುಂಗಾರೂ ಅಲ್ಲಿಗೆ ಬರುತ್ತದೆ, ಚೆನ್ನೈ ಕಡೆಯ ಹಿಂಗಾರೂ ಬರುತ್ತದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್. ನಮ್ಮ ದಾವಣಗೆರೆಯಲ್ಲಿ 600ರ ಆಸುಪಾಸು ಬಿದ್ದರೆ ಒಳ್ಳೇ ಮಳೆ ಅಂತೀವಿ. ಒಣ ಹವೆಯಲ್ಲಿ ಬೆಳೆದ ಮೈಯಿಗೂ, ಒಣ ಹವೆಗೆ ಕಟ್ಟಿಕೊಂಡ ಮನೆಸಾಮಾನಿಗೂ ಇದು ಸಣ್ಣ ವಿಷಯವಲ್ಲ.

ಹೋದ ಹೊಸತರಲ್ಲಿ ನಾನು ಹತ್ತು ಸೇರು ಮಂಡಕ್ಕಿ ಒಯ್ದಿದ್ದೆ. ದಾವಣಗೆರೆಯವರು ಅಂದಮೇಲೆ ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬೇಕಲ್ವಾ? ಚೀಲ ಬಿಚ್ಚಿದ ಅರ್ಧ ಗಂಟೆಗೆ ಹತ್ತಿಯ ಹಾಗೆ ಮೆತ್ತಗಾಯಿತು. ಬಾಣಲೆಯಲ್ಲಿ ಬಿಸಿ ಮಾಡಿದರೆ ಗರಿಗರಿ ಆಗುತ್ತದೆ, ಒಗ್ಗರಣೆ ಹಾಕುವಷ್ಟರಲ್ಲಿ ಮತ್ತೆ ಮೆತ್ತಗೆ. ಆಮೇಲೆ ಉಪ್ಪು ನೀರಾಯಿತು, ಬೆಂಕಿಕಡ್ಡಿ ಹೊತ್ತದಾಯಿತು, ಖಾರದ ಪುಡಿ ಹೆಂಟೆ ಕಟ್ಟಿತು. ಆಗ ಕಲಿತದ್ದನ್ನು ಈಗ ಹೇಳುತ್ತೇನೆ. ರವೆಯನ್ನು ಹುರಿದು, ಪೂರ್ತಿ ಆರಿಸಿ ಡಬ್ಬಿಗೆ ತುಂಬಿ. ಉಪ್ಪು ಪಿಂಗಾಣಿ ಭರಣಿಯಲ್ಲಿರಲಿ, ಸ್ಟೀಲ್ ಡಬ್ಬಿ ಬೇಡ. ಮಸಾಲೆ ಪುಡಿಗಳು ಫ್ರಿಜ್‌ನಲ್ಲಿರಲಿ. ಜೋಳದ ಹಿಟ್ಟು ಒಂದು ಸಲಕ್ಕೆ ಎರಡು ಕೆಜಿಗಿಂತ ಜಾಸ್ತಿ ಇಡಬೇಡಿ, ಹುಳ ಬೀಳುತ್ತದೆ. ಸಂಡಿಗೆ ಹಪ್ಪಳದ ಆಸೆ ಇದ್ದರೆ ಇಲ್ಲೇ ಒಣಗಿಸಿ ಒಯ್ಯಿರಿ. ಅಲ್ಲಿ ಮಳೆ ಬಿಡುವು ಕೊಟ್ಟ ತಿಂಗಳುಗಳಲ್ಲಿ ಮಾಡಬಹುದು, ಆದರೆ ಮೋಡ ಕಾಯುವುದೇ ಒಂದು ಕೆಲಸವಾಗುತ್ತದೆ. ರೊಟ್ಟಿ ಹಂಚನ್ನು ತೊಳೆದು ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕು. ಒಲೆಯ ಮೇಲೆ ಒಣಗಿಸಿ, ಎಣ್ಣೆ ಸವರಿ, ಹಳೇ ಪೇಪರ್ ಸುತ್ತಿಡಬೇಕು.

ಬಟ್ಟೆಯ ಕಥೆ ಇನ್ನೂ ದೊಡ್ಡದು. ನನ್ನ ಧಾರೆ ಸೀರೆಗೆ ಬೂಸ್ಟು ಹಿಡಿದದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ತಪ್ಪು ನನ್ನದೇ, ಚೆನ್ನಾಗಿರಲಿ ಅಂತ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದೆ. ರೇಷ್ಮೆಯನ್ನು ಹಳೇ ಕಾಟನ್ ಪಂಚೆಯಲ್ಲಿ ಸುತ್ತಬೇಕು, ಹದಿನೈದು ದಿನಕ್ಕೊಮ್ಮೆ ತೆಗೆದು ಫ್ಯಾನ್ ಕೆಳಗೆ ಹರವಬೇಕು. ಇನ್ನೂ ಒಳ್ಳೇದೆಂದರೆ ಎರಡು ಸೀರೆ ಒಯ್ದು ಉಳಿದವನ್ನು ಅಮ್ಮನ ಮನೆಯಲ್ಲಿ ಬಿಡುವುದು. ಮನೆಪತ್ರ, ಮಾರ್ಕ್ಸ್ ಕಾರ್ಡು ಕೂಡ ಹಾಗೇ. ಅಸಲನ್ನು ಇಲ್ಲಿನ ಬ್ಯಾಂಕ್ ಲಾಕರಿನಲ್ಲಿಟ್ಟು ಜೆರಾಕ್ಸ್ ಒಯ್ಯಿರಿ. ಬೀರುವನ್ನು ಗೋಡೆಗೆ ಒತ್ತಿ ಇಡಬೇಡಿ, ಒಂದು ಗೇಣು ಬಿಡಿ. ಪ್ಲೈವುಡ್ಡಿನದಾದರೆ ಒಯ್ಯಲೇಬೇಡಿ. ನಮ್ಮದು ಲಾರಿಯಲ್ಲಿ ಚೆನ್ನೈಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಬಂತು. ಸಾಗಿಸಿದವರು ಎಲ್ಲಿ ನೆನೆಸಿದರೋ, ಬಾಗಿಲು ಪೂರಿಯ ಹಾಗೆ ಉಬ್ಬಿತ್ತು. ಕೇಳಿದರೆ ಸಹಿ ಹಾಕಿದ ಕಾಗದ ತೋರಿಸಿದರು. ನಾವೂ ಓದದೆ ಸಹಿ ಹಾಕಿದ್ದೆವು.

ಅಷ್ಟು ಮಳೆ ಬಿದ್ದರೂ ಬೇಸಿಗೆಯಲ್ಲಿ ನೀರಿಗೆ ತತ್ವಾರ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಕಡಿದಾದ ಗುಡ್ಡಗಳು, ಬಿದ್ದ ನೀರು ಓಡಿ ಸಮುದ್ರ ಸೇರುತ್ತದೆ. ಪೋರ್ಟ್ ಬ್ಲೇರ್ ಹೆಚ್ಚಾಗಿ ಧನಿಖಾರಿ ಅಣೆಕಟ್ಟನ್ನೇ ನಂಬಿದೆ. ಅದು ತಳ ಕಂಡರೆ ನಲ್ಲಿ ದಿನ ಬಿಟ್ಟು ದಿನ ಬರುತ್ತದೆ. ಡ್ರಮ್ಮಿನಲ್ಲಿ ನೀರು ಹಿಡಿದಿಡುವುದು ದಾವಣಗೆರೆ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ ಬಿಡಿ. ಬಾಡಿಗೆ ಮನೆ ನೋಡುವಾಗ ಸಮುದ್ರ ಎಷ್ಟು ಹತ್ತಿರ ಅಂತ ಕೇಳುವ ಮೊದಲು ಟ್ಯಾಂಕ್ ಎಷ್ಟು ಲೀಟರಿನದು ಅಂತ ಕೇಳಿ. ಚಾವಣಿಯ ಮೂಲೆಗಳನ್ನು ನೋಡಿ, ಹೊಸ ಸುಣ್ಣ ಬಳಿದಿದ್ದರೆ ಕೆಳಗೆ ಕಪ್ಪು ಇದ್ದೇ ಇರುತ್ತದೆ. ಮನೆ ಎತ್ತರದ ಜಾಗದಲ್ಲಿರಲಿ. ಅದು ಭೂಕಂಪದ ನಾಡು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಮನೆ ಕಳೆದುಕೊಂಡವರು ನಮ್ಮ ನೆರೆಯಲ್ಲೇ ಇದ್ದರು. ನೆಲ ಜೋರಾಗಿ ನಡುಗಿದರೆ ಅವರು ಸಾಮಾನಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ, ಗುಡ್ಡ ಹತ್ತುತ್ತಿದ್ದರು.

ಈರುಳ್ಳಿ, ಆಲೂಗಡ್ಡೆ, ಬೇಳೆ ಎಲ್ಲಾ ಹಡಗಿನಲ್ಲೇ ಬರಬೇಕು. ಚೆನ್ನೈಯಿಂದ ಸಮುದ್ರದಲ್ಲಿ ಸುಮಾರು 1,200 ಕಿಲೋಮೀಟರ್. ಹಡಗು ತಡವಾದರೆ ಟೊಮೆಟೊ ಬೆಲೆ ಕೇಳಬಾರದು. ಹದಿನೈದು ದಿನದ ಬೇಳೆ, ಅಕ್ಕಿ, ಔಷಧಿ ಮನೆಯಲ್ಲಿ ಸದಾ ಇರಲಿ.

ಔಷಧಿ ಅಂದೆ, ಇದನ್ನು ಸ್ವಲ್ಪ ನಿಂತು ಯೋಚಿಸಿ. ನಮ್ಮತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಪರೇಷನ್ನಿಗೆ ಚೆನ್ನೈಗೆ ಕರೆದೊಯ್ಯಿರಿ ಎಂದರು. ವಿಮಾನದ ಟಿಕೆಟ್ ಸಿಗುವವರೆಗೆ ಮೂರು ದಿನ ಅವರ ನರಳಾಟ ಕೇಳಿಕೊಂಡು ಕೂತಿದ್ದೆ. ಅದೂ ನಾವಿದ್ದದ್ದು ರಾಜಧಾನಿಯಲ್ಲಿ. ಹ್ಯಾವ್‌ಲಾಕ್‌ನಿಂದ ಅಲ್ಲಿಗೆ ಬರಲು ಸರ್ಕಾರಿ ಹಡಗಿನಲ್ಲಿ ಎರಡೂವರೆ ಗಂಟೆ. ಸಮುದ್ರ ಕೆರಳಿದರೆ ಹಡಗು ಬಿಡುವುದೇ ಇಲ್ಲ. ಹೆಲಿಕಾಪ್ಟರ್ ಇದೆ, ಗಾಳಿ ಮಳೆ ಜಾಸ್ತಿಯಾದರೆ ಅದೂ ಹಾರುವುದಿಲ್ಲ. ಮನೆಯಲ್ಲಿ ವಯಸ್ಸಾದವರೋ, ಬಸುರಿಯೋ ಇದ್ದರೆ ಆ ಒಂದು ವರ್ಷ ಹೋಗುವುದು ಬೇಡ ಅಂತ ನಾನು ಕಡ್ಡಿ ಮುರಿದಂತೆ ಹೇಳುತ್ತೇನೆ. ಇನ್ನೊಂದು, ಕಾಲಿಗೆ ಗಾಯವಾಗಿದ್ದರೆ ನಿಂತ ಮಳೆನೀರಿನಲ್ಲಿ ನಡೆಯಬೇಡಿ. ಇಲಿಯ ಉಚ್ಚೆ ಸೇರಿದ ನೀರಿನಿಂದ ಇಲಿಜ್ವರ ಬರುತ್ತದೆ, ಅಲ್ಲಿ ಅದು ಹೊಸದಲ್ಲ.

ಇಂಟರ್ನೆಟ್ ಬಗ್ಗೆ ಹುಡುಗರಿಗೇ ಜಾಸ್ತಿ ಗೊತ್ತು. ನಮ್ಮ ಕಾಲದಲ್ಲಿ ಒಂದು ಫೋಟೊ ಕಳಿಸಲು ಅನ್ನಕ್ಕಿಟ್ಟು ಬಂದರೂ ಹೋಗಿರುತ್ತಿರಲಿಲ್ಲ. 2020ರ ಆಗಸ್ಟ್‌ನಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ಸುಧಾರಿಸಿದೆ. ಆದರೂ ಕರೆಂಟ್ ಬಹುಪಾಲು ಡೀಸೆಲ್ ಜನರೇಟರಿನದು, ಯುಪಿಎಸ್ ಇರಲಿ. ಇನ್ನು ಗಡಿಯಾರ ನಮ್ಮದೇ, ಸೂರ್ಯ ಮಾತ್ರ ನಮ್ಮವನಲ್ಲ. ಬೆಳಗಿನ ಐದಕ್ಕೇ ಬೆಳಕು, ಡಿಸೆಂಬರಿನಲ್ಲಿ ಸಂಜೆ ಐದೂಕಾಲಿಗೆ ದೀಪ ಹಚ್ಚಬೇಕು. ಆಫೀಸು ಕೆಲಸ ಮುಗಿಸಿ ಬೀಚಿಗೆ ಹೋಗೋಣ ಅಂದುಕೊಂಡವರು ಕತ್ತಲಲ್ಲಿ ಹೋಗಬೇಕಾಗುತ್ತದೆ. ಕೆಲವು ಕಡೆ ಮೊಸಳೆಯ ಬೋರ್ಡು ಹಾಕಿರುತ್ತಾರೆ, ಅದು ತಮಾಷೆಗಲ್ಲ.

ಜಾಗ ಕೊಳ್ಳುವ ಮಾತು ಸದ್ಯಕ್ಕೆ ಎತ್ತಲೇಬೇಡಿ. ಅಲ್ಲಿ ಬಹುಪಾಲು ಕಾಡು. ಆದಿವಾಸಿಗಳಿಗೆ ಮೀಸಲಾದ ನೆಲ ಬೇರೆ, ಕಡಲಂಚಿಗೆ ಕಟ್ಟುವುದಕ್ಕೆ ಕಾಯ್ದೆ ಬೇರೆ. ಎರಡು ವರ್ಷ ಬಾಡಿಗೆಗಿದ್ದು, ಹಿಂದಿ ನಾಲ್ಕು ಮಾತು ಕಲಿತು, ಅಂಗಡಿಯವರ ಪರಿಚಯ ಆದಮೇಲೆ ನೋಡೋಣ.

ಇಷ್ಟು ಹೇಳಿದ ಮೇಲೂ ಹುಡುಗಿಯ ಆಸೆ ಬಿಟ್ಟಿಲ್ಲ. ಬಿಡಲಿ ಅಂತ ನಾನೂ ಹೇಳಿದ್ದಲ್ಲ, ಆ ಸಮುದ್ರ ನನಗೂ ಕನಸಿನಲ್ಲಿ ಬರುತ್ತದೆ. ಇಲ್ಲಿನ ಮನೆ ಮಾರದೆ, ಬೀಗ ಹಾಕಿ, ಈ ಜುಲೈನಲ್ಲಿ ಒಂದು ತಿಂಗಳು ಹೋಟೆಲ್ ಬಿಟ್ಟು ಸ್ವಂತ ಅಡಿಗೆ ಮಾಡಿಕೊಂಡು ಇದ್ದು ಬರುತ್ತಾರಂತೆ. ನನ್ನ ಹಳೇ ಹಂಚನ್ನೇ ಎಣ್ಣೆ ಸವರಿ ಕೊಟ್ಟಿದ್ದೇನೆ. ಮಂಡಕ್ಕಿ ಕೇಳಿದಳು. ಒಂದೇ ಸೇರು ಕಟ್ಟಿದೆ.