ಮೊದಲು ಕಣ್ಣು, ಆಮೇಲೆ ಕಿವಿ, ಕೈ ಕೊನೆಗೆ: ಬಾಣಬಿರುಸು ಕಲಿಯುವ ದಾರಿ

ಆಲೂರು, ಸಕಲೇಶಪುರದ ಕಡೆ ರಾತ್ರಿ ಪಟಾಕಿ ಸದ್ದಾದರೆ ತೋಟದವರು ಮೊದಲು ಕೇಳುವುದು 'ಆನೆ ಯಾವ ಕಡೆ ಬಂತು?' ಅಂತ. ಹಬ್ಬ ಆಮೇಲೆ ನೆನಪಾಗುತ್ತದೆ. ಇಂಥ ಹಾಸನ ಜಿಲ್ಲೆಯಲ್ಲೂ ಬಾಣಬಿರುಸಿನ ಹುಚ್ಚು ಹತ್ತಿಸಿಕೊಂಡವರು ಕೆಲವರಿದ್ದೇವೆ. ತೇರು ನಿಂತ ಮೇಲೆ ಎಲ್ಲರೂ ಕಡ್ಲೆಪುರಿ ಅಂಗಡಿ ಕಡೆ ಹೋದರೆ, ನಾವು ದೂರದ ಬಯಲಲ್ಲಿ ಕೊಳವೆ ಜೋಡಿಸುವವರನ್ನೇ ನೋಡುತ್ತಾ ನಿಲ್ಲುತ್ತೇವೆ. 'ಇದನ್ನು ಕಲಿಯೋದು ಹೇಗೆ?' ಎಂದು ಕೇಳುವ ಹುಡುಗರು, ಹುಡುಗಿಯರು ಈಗ ಜಾಸ್ತಿಯಾಗಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಮದ್ದು ಅರೆಯುವುದು, ಅಂಗಡಿ ಪಟಾಕಿ ಬಿಚ್ಚಿ ಒಟ್ಟು ಮಾಡುವುದು ಈ ಕಲಿಕೆಯಲ್ಲಿ ಇಲ್ಲವೇ ಇಲ್ಲ. ಅದು ಅಪರಾಧ. ಬೆರಳು, ಕಣ್ಣು ಹೋಗುವುದೂ ಹೀಗೆಯೇ. ವೃತ್ತಿಪರರು ಕೂಡ ಪ್ರದರ್ಶನಕ್ಕೆ ತರುವುದು ಪರವಾನಗಿ ಇರುವ ಕಾರ್ಖಾನೆಯ ಮಾಲನ್ನು. ನಮ್ಮ ದೇಶದಲ್ಲಿ ಹೆಚ್ಚಿನ ಪಾಲು ತಮಿಳುನಾಡಿನ ಶಿವಕಾಶಿಯಿಂದ ಬರುತ್ತದೆ.

ಮೊದಲ ಹೆಜ್ಜೆ: ನೋಡುವುದನ್ನು ಕಲಿಯಿರಿ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಆಕಾಶದಲ್ಲಿ ಅರಳುವ ಒಂದೊಂದಕ್ಕೂ ಹೆಸರಿದೆ. ಚುಕ್ಕಿಗಳು ಬಾಲ ಬಿಡದೆ ದುಂಡಗೆ ಹರಡಿದರೆ ಅದು ಪಿಯೋನಿ. ಹಿಂದೆ ಬೆಳಕಿನ ಗೆರೆ ಬಿಡುತ್ತಾ ಹರಡಿದರೆ ಸೇವಂತಿಗೆ. ಜಪಾನಿನವರು ಅದನ್ನು 'ಕಿಕು' ಅನ್ನುತ್ತಾರೆ, ಅರ್ಥ ಅದೇ. ಚಿನ್ನದ ಬಣ್ಣದ ಎಳೆಗಳು ಬಿಚ್ಚಿದ ಕೂದಲಿನ ಹಾಗೆ ನಿಧಾನವಾಗಿ ಕೆಳಗಿಳಿದರೆ ವಿಲ್ಲೋ. ನಾಲ್ಕಾರು ದಪ್ಪ ಗರಿ ಮಾತ್ರ ಚಾಚಿದರೆ ಪಾಮ್, ನಮ್ಮ ತೆಂಗಿನ ಮರದ ತಲೆಯೇ ಅನ್ನಿ.

ಆಮೇಲೆ ಬಣ್ಣ. ಕೆಂಪು ಬರುವುದು ಸ್ಟ್ರಾನ್ಷಿಯಂನಿಂದ, ಹಳದಿ ಸೋಡಿಯಂನಿಂದ, ಬೆಳ್ಳಿಬಿಳಿ ಅಲ್ಯೂಮಿನಿಯಂ, ಮೆಗ್ನೀಸಿಯಂನಂಥ ಲೋಹಗಳಿಂದ. ಹಸಿರಿಗೆ ಬೇರಿಯಂ ಬೇಕು, ಆದರೆ ಬೇರಿಯಂ ಲವಣಗಳಿಗೆ ನಮ್ಮಲ್ಲಿ ನಿಷೇಧವಿದೆ. ನೀಲಿ ತಾಮ್ರದ್ದು, ಮತ್ತು ಅದೇ ಎಲ್ಲಕ್ಕಿಂತ ಕಷ್ಟ. ಉರಿ ಸ್ವಲ್ಪ ಜಾಸ್ತಿಯಾದರೂ ನೀಲಿ ಕೊಡುವ ಕಣವೇ ಒಡೆದುಹೋಗಿ ಬಣ್ಣ ಬಿಳಿಚಿಕೊಳ್ಳುತ್ತದೆ. ಹಾಗಾಗಿ ಎಲ್ಲಾದರೂ ಅಚ್ಚ ನೀಲಿ ಕಂಡರೆ ನಾನು ನೋಟ್‌ಬುಕ್‌ನಲ್ಲಿ ಅದಕ್ಕೆ ನಕ್ಷತ್ರ ಹಾಕುತ್ತೇನೆ. ಮಾಡಿದವರ ಕೈ ಅಲ್ಲಿ ಗೊತ್ತಾಗುತ್ತದೆ.

ನೋಡಲು ಎಲ್ಲಿಗೆ ಹೋಗುವುದು? ನಮಗೆ ಹತ್ತಿರದ ದೊಡ್ಡ ಪಾಠಶಾಲೆ ಶಿರಾಡಿ ಘಾಟಿಯ ಕೆಳಗಿದೆ. ಪುತ್ತೂರಿನ ಮಹಾಲಿಂಗೇಶ್ವರ ದೇವರ ಜಾತ್ರೆಯಲ್ಲಿ ಏಪ್ರಿಲ್ 17ರ ರಾತ್ರಿ ರಥೋತ್ಸವದ ಜೊತೆ ನಡೆಯುವ ಸುಡುಮದ್ದಿಗೆ 'ಪುತ್ತೂರು ಬೆಡಿ' ಎಂದೇ ಹೆಸರು. ದಕ್ಷಿಣದಲ್ಲಿ ಇದು ಹೊಸ ಶೋಕಿಯೇನಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಅಲ್ಲಿನ ಮಹಾನವಮಿಯ ಬಾಣಬಿರುಸಿನ ಬಗ್ಗೆ ಬರೆದಿಟ್ಟಿದ್ದಾನೆ.

ಎರಡನೆಯದು: ಕಿವಿ

ಬೆಳಕು ಕಂಡ ಕ್ಷಣದಿಂದ ಸದ್ದು ಕೇಳುವವರೆಗೆ ಮೊಬೈಲ್‌ನ ಸ್ಟಾಪ್‌ವಾಚ್‌ನಲ್ಲಿ ಅಳೆಯಿರಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಒಂದೂವರೆ ಸೆಕೆಂಡು ತಡವಾದರೆ ಅರ್ಧ ಕಿಲೋಮೀಟರ್ ದೂರ ಅಂತ ಲೆಕ್ಕ. ಇನ್ನೊಂದು ಅಳತೆಯೂ ಇದೆ. ನೆಲದಲ್ಲಿ 'ಢಬ್' ಅಂದು ಮಿಂಚಿದಲ್ಲಿಂದ ಮೇಲೆ ಅರಳುವವರೆಗೆ ಎಣಿಸಿ. ಮೂರು ಇಂಚಿನ ಶೆಲ್ಲಿಗೆ, ಅಂದರೆ ಕೊಳವೆಯಿಂದ ಹಾರಿಸುವ ಮದ್ದಿನ ಉಂಡೆಗೆ, ಹೆಚ್ಚುಕಡಿಮೆ ಮೂರು ಸೆಕೆಂಡು. ಹಾಡಿಗೆ ಹೊಂದಿಸಿ ಹಾರಿಸುವವರು ತಾಳ ಬೀಳುವುದಕ್ಕೆ ಅಷ್ಟು ಮೊದಲೇ ಕಿಡಿ ಕೊಡಬೇಕು. ಅದಕ್ಕೇ ಈಗ ದೊಡ್ಡ ಪ್ರದರ್ಶನಗಳಲ್ಲಿ ಕೈಯಿಂದ ಬತ್ತಿ ಹಚ್ಚುವುದಿಲ್ಲ. ದೂರದಿಂದ ತಂತಿ ಎಳೆದು, ಕಂಪ್ಯೂಟರ್ ಮೂಲಕ ವಿದ್ಯುತ್ ಕಿಡಿ ಕೊಡುತ್ತಾರೆ.

ಶೆಲ್ ಹೇಗೆ ಕೆಲಸ ಮಾಡುತ್ತದೆ ಎಂಬುದೂ ಇಲ್ಲೇ ಅರ್ಥವಾಗುತ್ತದೆ. ಕೊಳವೆಯ ತಳದಲ್ಲಿರುವ ಮದ್ದು ಅದನ್ನು ಮೇಲಕ್ಕೆ ಎಸೆಯುತ್ತದೆ. ಅದೇ ಬೆಂಕಿ ಒಂದು ನಿಧಾನದ ಬತ್ತಿಗೂ ತಾಗುತ್ತದೆ. ಶೆಲ್ ತುದಿ ಮುಟ್ಟುವ ಹೊತ್ತಿಗೆ ಬತ್ತಿ ಒಳಗೆ ತಲುಪುತ್ತದೆ, ಆಗ ಶೆಲ್ ಒಡೆದು ಬಣ್ಣದ ಗುಳಿಗೆಗಳು ಚೆಲ್ಲುತ್ತವೆ. ಬತ್ತಿ ತಡವಾದರೆ ಅರಳುವುದು ಕೆಳಗೆ ಬರುವಾಗ. ಅಂಥದ್ದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಮೂರನೆಯದು, ಬಹಳ ಮುಖ್ಯವಾದದ್ದು: ದೂರ

ನನಗೆ ಈ ವಿದ್ಯೆಯ ಜೀವಾಳ ಅನ್ನಿಸುವುದು ಬಣ್ಣವಲ್ಲ, ಅಳತೆ. ಅಂದಾಜಿನ ಸೂತ್ರ ಸುಲಭ. ಶೆಲ್ಲಿನ ಅಡ್ಡಳತೆಯ ಒಂದೊಂದು ಇಂಚಿಗೂ ಸುಮಾರು 100 ಅಡಿ ಎತ್ತರ. ಜನರನ್ನು ಎಷ್ಟು ದೂರ ಇಡಬೇಕು ಎಂಬುದಕ್ಕೆ ಅಮೆರಿಕದ ಎನ್‌ಎಫ್‌ಪಿಎ 1123 ಎಂಬ ಸಂಹಿತೆ ಇಂಚಿಗೆ ಕನಿಷ್ಠ 70 ಅಡಿ ಅನ್ನುತ್ತದೆ. ಅಂದರೆ ಮೂರು ಇಂಚಿಗೆ 210 ಅಡಿ, ನಾಲ್ಕಕ್ಕೆ 280, ಆರಕ್ಕೆ 420. ನಮ್ಮಲ್ಲಿ ಪಾಲಿಸಬೇಕಾದದ್ದು ಪರವಾನಗಿಯಲ್ಲಿ ಬರೆದ ಷರತ್ತನ್ನು. ಆದರೆ ಕಲಿಯಲು ಈ ಲೆಕ್ಕ ಬಹಳ ಒಳ್ಳೆಯದು.

ಒಂದು ಭಾನುವಾರ ನಿಮ್ಮೂರಿನ ಶಾಲೆ ಮೈದಾನಕ್ಕೆ ಹೋಗಿ. ಒಂದು ಹೆಜ್ಜೆ ಎರಡೂವರೆ ಅಡಿ ಅಂದುಕೊಂಡು, ನಡುವಿನಿಂದ 84 ಹೆಜ್ಜೆ ನಡೆಯಿರಿ. ಅದು 210 ಅಡಿ. ನಾಲ್ಕೂ ದಿಕ್ಕಿಗೆ ನಡೆದು ನೋಡಿ. ಮೈದಾನ ಮುಗಿದು ರಸ್ತೆ, ಮನೆ, ಹುಲ್ಲಿನ ಮೆದೆ, ಟ್ರಾನ್ಸ್‌ಫಾರ್ಮರ್ ಬಂದರೆ ಅಲ್ಲಿ ಮೂರು ಇಂಚಿಗೂ ಜಾಗವಿಲ್ಲ. ಹೀಗೆ ಹತ್ತು ಜಾಗ ಅಳೆದರೆ ನಿಮ್ಮ ಕಣ್ಣೇ ಬದಲಾಗುತ್ತದೆ. ಎಲ್ಲಿ ನಿಂತರೂ ಮನಸ್ಸು ಹೆಜ್ಜೆ ಎಣಿಸುತ್ತದೆ.

ನನಗೆ ಇದು ಅಂಟಿಕೊಂಡದ್ದು ಒಂದು ಬೇಸಿಗೆಯ ಜಾತ್ರೆಯಲ್ಲಿ. ಊರಿನ ಹೆಸರು ಬೇಡ. ಹಗ್ಗ ಕಟ್ಟಿದ್ದು ಕೊಳವೆಗಳಿಂದ ಮೂವತ್ತು ಹೆಜ್ಜೆಗೆ. ಕೊಳವೆಗಳನ್ನು ಸುಮ್ನೆ ಮರಳಲ್ಲಿ ಊರಿದ್ದರು, ಪಕ್ಕಕ್ಕೆ ಆಸರೆ ಇರಲಿಲ್ಲ. ಒಂದು ವಾಲಿತು. ಶೆಲ್ ಜನರ ತಲೆ ಮೇಲೆ ಓರೆಯಾಗಿ ಹಾದು ರಾಗಿ ಹುಲ್ಲಿನ ಮೆದೆಗೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಒಂದು ಮನೆಯ ದನಗಳ ವರ್ಷದ ಮೇವು ಅರ್ಧ ಗಂಟೆಯಲ್ಲಿ ಬೂದಿಯಾಯಿತು. ಆ ಮನೆಯ ಅಜ್ಜಿ ಮೆದೆಯ ಮುಂದೆ ಮಾತಿಲ್ಲದೆ ನಿಂತಿದ್ದನ್ನು ನಾನು ಮರೆತಿಲ್ಲ.

ಗಾಳಿಯನ್ನೂ ನೋಡಬೇಕು. ಜನ ಇರಬೇಕಾದದ್ದು ಗಾಳಿ ಬರುವ ಕಡೆ. ಹೊಗೆ, ಕಿಡಿ, ಸುಟ್ಟ ಕಾಗದ ಹೋಗುವ ಕಡೆಯಲ್ಲ. ಫೆಬ್ರುವರಿ, ಮಾರ್ಚ್‌ನಲ್ಲಿ ಮಲೆನಾಡಿನ ಅಂಚಿನ ಹುಲ್ಲುಗುಡ್ಡಗಳು ಒಣಗಿರುತ್ತವೆ. ಆಗ ಅಲ್ಲಿ ಬಿರುಸಿನ ಯೋಚನೆಯೇ ಬೇಡ.

ನಾಲ್ಕನೆಯದು: ಕಾನೂನು

ಓದಬೇಕಾದದ್ದು 1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳು. ಇದನ್ನೆಲ್ಲ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಪೆಸೊ, ಅದರ ಕೇಂದ್ರ ಕಚೇರಿ ನಾಗಪುರದಲ್ಲಿದೆ. ಸಾರ್ವಜನಿಕ ಪ್ರದರ್ಶನಕ್ಕೆ ಜಿಲ್ಲಾಡಳಿತದ ಅನುಮತಿ ಬೇಕು. ಪೊಲೀಸರು, ಅಗ್ನಿಶಾಮಕ ದಳ ಇದರಲ್ಲಿ ಸೇರುತ್ತಾರೆ. ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿ ಹಸಿರು ಪಟಾಕಿಗೆ (ಅಂದರೆ ಹೊಗೆ, ಮಾಲಿನ್ಯ ಕಡಿಮೆ ಇರುವ ಪಟಾಕಿಗೆ) ಮಾತ್ರ ಅವಕಾಶ ಕೊಟ್ಟು, ದೀಪಾವಳಿಗೆ ರಾತ್ರಿ 8ರಿಂದ 10ರ ಸಮಯ ಗೊತ್ತುಮಾಡಿತು.

ಇದೆಲ್ಲ ಬರೀ ಕಾಗದದ ಕಾಟ ಅನ್ನುವವರಿಗೆ ನಾನು ಪುಟ್ಟಿಂಗಲ್ ನೆನಪಿಸುತ್ತೇನೆ. 2016ರ ಏಪ್ರಿಲ್ 10ರ ನಸುಕಿನಲ್ಲಿ ಕೇರಳದ ಕೊಲ್ಲಂ ಜಿಲ್ಲೆಯ ಆ ದೇವಸ್ಥಾನದಲ್ಲಿ ದಾಸ್ತಾನಿಗೆ ಕಿಡಿ ತಗುಲಿ 100ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಪೈಪೋಟಿಯ ಪ್ರದರ್ಶನಕ್ಕೆ ಜಿಲ್ಲಾಡಳಿತ ಅನುಮತಿ ಕೊಟ್ಟಿರಲಿಲ್ಲ.

ಕೊನೆಗೆ, ಕೈ

ಮದ್ದು ಮುಟ್ಟದೆಯೇ ಕೈ ಪಳಗಿಸಬಹುದು. ಎಫ್‌ಡಬ್ಲ್ಯೂಸಿಮ್, ಫಿನಾಲೆ 3ಡಿ ಥರದ ಸಾಫ್ಟ್‌ವೇರ್‌ನಲ್ಲಿ ಒಂದು ಹಾಡಿಗೆ ಪ್ರದರ್ಶನ ಹೊಂದಿಸಿ ನೋಡಿ. ಎರಡು ನಿಮಿಷ ತುಂಬಿಸಲು ಒಂದು ವಾರ ಬೇಕಾದೀತು. ಎಲ್ಲವನ್ನೂ ಒಟ್ಟಿಗೆ ಹಾರಿಸುವ ಆಸೆ ಅಲ್ಲೇ ಇಳಿಯುತ್ತದೆ. ಎರಡು ವಿಲ್ಲೋಗಳ ನಡುವೆ ಆಕಾಶವನ್ನು ಕತ್ತಲಾಗಿ ಬಿಡುವುದು ಎಷ್ಟು ಚಂದ ಅಂತ ಅಲ್ಲಿ ಗೊತ್ತಾಗುತ್ತದೆ.

ಆಮೇಲೆ, 18 ತುಂಬಿದ ಮೇಲೆ, ಪರವಾನಗಿ ಇರುವ ಒಂದು ತಂಡವನ್ನು ಕೇಳಿಕೊಳ್ಳಿ. ಮೊದಲ ವರ್ಷ ಸಿಗುವುದು ಮರಳು ಹೊರುವುದು, ಹಗ್ಗ ಕಟ್ಟುವುದು, ನೀರಿನ ಬಕೆಟ್ ತುಂಬಿಸುವುದು, ಹಗ್ಗದ ಬಳಿ ನಿಂತು 'ಅಣ್ಣಾ, ಮಗೂನ ಹಿಂದೆ ಕರ್ಕೊಳ್ಳಿ' ಅನ್ನುವುದು. ಖುಷಿಯಿಂದ ಮಾಡಿ. ಹತ್ತಿ ಬಟ್ಟೆ ಹಾಕಿ, ನೈಲಾನ್ ಬೇಡ. ಕೊಳವೆಯ ಬಾಯಿಗೆ ಯಾವತ್ತೂ ಮುಖ ಒಡ್ಡಬೇಡಿ. ಹಾರದೆ ಉಳಿದ ಶೆಲ್ ಹತ್ತಿರ ಹೋಗಬೇಡಿ. ಅದು ತಂಡದ ಹಿರಿಯರ ಕೆಲಸ.

ಮರುದಿನ ಬೆಳಕು ಹರಿಯುವ ಮೊದಲೇ ಮೈದಾನಕ್ಕೆ ಬನ್ನಿ. ಸಾಲಾಗಿ ನಿಂತು, ನೆಲ ನೋಡುತ್ತಾ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಬೇಕು. ಸಿಡಿಯದೆ ಬಿದ್ದ ಶೆಲ್ ಕಂಡರೆ ಮುಟ್ಟದೆ ಅಲ್ಲೇ ನಿಂತು ಕೂಗಿ ಹೇಳಿ. ಇಬ್ಬನಿ ಬಿದ್ದ ಹುಲ್ಲಿನಲ್ಲಿ ಸುಟ್ಟ ಕಾಗದದ ಚೂರು ಹುಡುಕುವುದು ಸುಲಭವಲ್ಲ. ಶಾಲೆಯ ಮಕ್ಕಳು ಆಡಲು ಬರುವುದರೊಳಗೆ ಅದು ಮುಗಿದಿರಬೇಕು.