ಹ್ಯಾಮ್ ರೇಡಿಯೋ ಪಕ್ಕಕ್ಕೆ ಲಿನಕ್ಸ್ ತಂದ ನನ್ನ ಅನುಭವ

ಲ್ಯಾಪ್‌ಟಾಪ್‌ಗೆ ನನ್ನ ಹ್ಯಾಮ್ (ಹವ್ಯಾಸಿ) ರೇಡಿಯೋದ ಯುಎಸ್‌ಬಿ ಕೇಬಲ್ ಚುಚ್ಚಿದ ತಕ್ಷಣ ರೇಡಿಯೋದ ಕೆಂಪು ದೀಪ ಹತ್ತಿಕೊಂಡಿತು. ಅಂದರೆ ಸೆಟ್ ಟ್ರಾನ್ಸ್‌ಮಿಟ್ ಆಗುತ್ತಿದೆ. ನಾನು ಮೈಕ್ ಮುಟ್ಟಿರಲಿಲ್ಲ. ಯಾವ ಪ್ರೋಗ್ರಾಮನ್ನೂ ತೆರೆದಿರಲಿಲ್ಲ. ದೀಪ ಆರಿತು, ಮತ್ತೆ ಹತ್ತಿತು, ಮತ್ತೆ ಆರಿತು. ಗಾಬರಿಯಿಂದ ಕೇಬಲ್ ಕಿತ್ತೆ. ಪುಣ್ಯಕ್ಕೆ ಆಂಟೆನಾ ಜಾಗದಲ್ಲಿ ಸಿಗ್ನಲ್ಲನ್ನು ಗಾಳಿಗೆ ಬಿಡದೆ ನುಂಗುವ ಡಮ್ಮಿ ಲೋಡ್ ಹಾಕಿಟ್ಟಿದ್ದೆ. ಇಲ್ಲದಿದ್ದರೆ ಕಾಲ್‌ಸೈನ್ (ಹ್ಯಾಮ್‌ನ ಗುರುತಿನ ಹೆಸರು) ಇಲ್ಲದ ಸಿಗ್ನಲ್ ಬ್ಯಾಂಡ್ ಮೇಲೆ ಹೋಗುತ್ತಿತ್ತು.

ಲ್ಯಾಪ್‌ಟಾಪ್‌ಗೆ ಡೆಬಿಯನ್ ಎಂಬ ಲಿನಕ್ಸ್ ಹಾಕಿ ಎರಡು ದಿನ ಆಗಿತ್ತು ಅಷ್ಟೆ. ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರೋ ಏನೋ. ನನಗೆ ಮಾತ್ರ ಕಾರಣ ತಿಳಿಯಲೇಬೇಕಿತ್ತು. ಸಿಸ್ಟಮ್ ಲಾಗನ್ನು ತೆರೆದಿಟ್ಟುಕೊಂಡು ಮತ್ತೆ ಕೇಬಲ್ ಚುಚ್ಚಿದೆ. ಸಾಲುಗಳು ಒಂದೊಂದಾಗಿ ಬಂದವು. ಮೊದಲು ಕರ್ನಲ್ ಕೇಬಲ್ಲಿನ ಚಿಪ್ ಗುರುತಿಸಿ ಸೀರಿಯಲ್ ಪೋರ್ಟ್ ಮಾಡಿಕೊಟ್ಟಿತು. ಅದರ ಬೆನ್ನಿಗೇ ಮೋಡೆಮ್‌ಮ್ಯಾನೇಜರ್ ಎಂಬ ಹೆಸರು. ಮೊಬೈಲ್ ಡೇಟಾ ಡಾಂಗಲ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ ಅದು. ಹೊಸ ಸೀರಿಯಲ್ ಪೋರ್ಟ್ ಕಂಡರೆ ‘ನೀನು ಮೋಡೆಮ್ಮಾ?’ ಅಂತ ತೆರೆದು ಕೇಳಿ ನೋಡುತ್ತದೆ. ಲಿನಕ್ಸ್‌ನಲ್ಲಿ ಸೀರಿಯಲ್ ಪೋರ್ಟ್ ತೆರೆದರೆ ಆರ್‌ಟಿಎಸ್, ಡಿಟಿಆರ್ ಎಂಬ ಎರಡು ಲೈನ್‌ಗಳೂ ಮೇಲೇಳುತ್ತವೆ. ನನ್ನ ಕೇಬಲ್‌ನಲ್ಲಿ ಆರ್‌ಟಿಎಸ್ ಲೈನೇ ಪಿಟಿಟಿಗೆ, ಅಂದರೆ ಟ್ರಾನ್ಸ್‌ಮಿಟ್ ಶುರು ಮಾಡುವ ಸ್ವಿಚ್ಚಿಗೆ ಹೋಗಿತ್ತು. ಪೋರ್ಟ್ ತೆರೆದಾಗಲೆಲ್ಲ ರೇಡಿಯೋ ಟ್ರಾನ್ಸ್‌ಮಿಟ್‌ಗೆ ಹೋಗುತ್ತಿದ್ದದ್ದು ಅದಕ್ಕೇ.

ನನ್ನ ಹತ್ತಿರ ಡೇಟಾ ಡಾಂಗಲ್ ಇಲ್ಲ. ಹಾಗಾಗಿ ಆ ಪ್ಯಾಕೇಜನ್ನೇ ತೆಗೆದುಹಾಕಿದೆ. ಡಾಂಗಲ್ ಬಳಸುವವರು ತೆಗೆಯಬೇಕಿಲ್ಲ. ಈ ಸಾಧನವನ್ನು ಮುಟ್ಟಬೇಡ ಎಂದು ಯುಡೆವ್‌ನಲ್ಲಿ (ಜೋಡಿಸಿದ ಸಾಧನಗಳನ್ನು ನೋಡಿಕೊಳ್ಳುವ ಲಿನಕ್ಸ್ ಭಾಗ) ಒಂದು ಸಾಲಿನ ನಿಯಮ ಬರೆದರೆ ಸಾಕು. ಪಿಟಿಟಿಯನ್ನೂ ಆರ್‌ಟಿಎಸ್‌ನಿಂದ ಬಿಡಿಸಿ ಕ್ಯಾಟ್ ಕಮಾಂಡ್‌ಗೆ (ಕಂಪ್ಯೂಟರ್ ರೇಡಿಯೋಗೆ ಕಳಿಸುವ ಆದೇಶ) ಬದಲಾಯಿಸಿದೆ. ಈಗ ರೇಡಿಯೋಗೆ ‘ಟ್ರಾನ್ಸ್‌ಮಿಟ್ ಮಾಡು’ ಅಂತ ಸರಿಯಾದ ಆದೇಶ ಹೋದರೆ ಮಾತ್ರ ಅದು ಮಾಡುತ್ತದೆ.

ಇನ್ನೊಂದು ಕಂಪ್ಯೂಟರಿನಲ್ಲಿ ಇದರ ಉಲ್ಟಾ ಆಯಿತು. ಅದರಲ್ಲಿ ಉಬುಂಟು 22.04 ಇತ್ತು. ಕೇಬಲ್ ಚುಚ್ಚಿದರೆ ಪೋರ್ಟ್ ಕಾಣಿಸಿಕೊಂಡು ಮರುಕ್ಷಣ ಮಾಯ. ಲಾಗ್ ನೋಡಿದರೆ ಬಿಆರ್‌ಎಲ್‌ಟಿಟಿವೈ ಎಂಬ ಪ್ರೋಗ್ರಾಂ ಅದನ್ನು ತನ್ನದೆಂದು ಎತ್ತಿಕೊಂಡಿದೆ. ಕಣ್ಣು ಕಾಣದವರು ಬಳಸುವ ಬ್ರೈಲ್ ಸಾಧನಗಳಿಗಾಗಿ ಇರುವ ಪ್ರೋಗ್ರಾಂ ಅದು. ಕೆಲವು ಬ್ರೈಲ್ ಸಾಧನಗಳಲ್ಲಿ ನಮ್ಮ ಕೇಬಲ್‌ನಲ್ಲಿರುವ ಅದೇ ಸೀರಿಯಲ್ ಚಿಪ್ ಇರುತ್ತದೆ, ಗುರುತಿನ ಸಂಖ್ಯೆಯೂ ಅದೇ. ಆ ಕಂಪ್ಯೂಟರಿನಲ್ಲಿ ಬ್ರೈಲ್ ಸಾಧನ ಬಳಸುವವರು ಇರಲಿಲ್ಲ, ತೆಗೆದೆವು. ಬಳಸುವವರು ಇದ್ದರೆ ಯುಡೆವ್ ನಿಯಮದಲ್ಲಿ ಆ ಒಂದು ಚಿಪ್ಪಿನ ಸಾಲನ್ನು ಮಾತ್ರ ಬದಲಾಯಿಸಬೇಕು. ಕಣ್ಣು ಕಾಣದ ಹ್ಯಾಮ್‌ಗಳೂ ಇದ್ದಾರೆ, ಇದನ್ನು ಮರೆಯಬಾರದು.

ಈ ಎರಡು ಘಟನೆಗಳನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಹ್ಯಾಮ್ ಆದವನು ರೇಡಿಯೋ ಕೆಟ್ಟರೆ ಮುಚ್ಚಳ ಬಿಚ್ಚುತ್ತಾನೆ. ಕಂಪ್ಯೂಟರಿನ ಮುಚ್ಚಳವನ್ನೂ ಹಾಗೇ ಬಿಚ್ಚಬಹುದು ಅಂತ ನನಗೆ ಗೊತ್ತಾಗಿದ್ದು ಆ ಸಂಜೆಗಳಲ್ಲಿ. ಓಪನ್ ಸೋರ್ಸ್ ನನಗೆ ಇಷ್ಟವಾಗಿದ್ದು ದುಡ್ಡು ಉಳಿಯುತ್ತದೆ ಅಂತಲ್ಲ. ಏನಾಯಿತು ಅಂತ ಕೇಳಿದರೆ ಉತ್ತರ ಸಿಗುತ್ತದೆ, ಅದಕ್ಕೆ.

ಹ್ಯಾಮ್‌ಗಳಿಗೂ ಲಿನಕ್ಸ್‌ಗೂ ಹಳೆಯ ನಂಟಿದೆ. ಡೆಬಿಯನ್ ಯೋಜನೆಯನ್ನು ಮುನ್ನಡೆಸಿದ್ದ ಬ್ರೂಸ್ ಪೆರೆನ್ಸ್ ಸ್ವತಃ ಹ್ಯಾಮ್, ಕಾಲ್‌ಸೈನ್ ಕೆ6ಬಿಪಿ. ಕರ್ನಲ್‌ನಲ್ಲಿ ಪ್ಯಾಕೆಟ್ ರೇಡಿಯೋದ (ರೇಡಿಯೋ ಮೂಲಕ ಡೇಟಾ ಕಳಿಸುವುದು) ಎಎಕ್ಸ್.25 ಪ್ರೋಟೋಕಾಲ್ ಸೇರಿಸಲು ಕೆಲಸ ಮಾಡಿದ ಅಲನ್ ಕಾಕ್ಸ್ ಕೂಡ ಹ್ಯಾಮ್. ಡೆಬಿಯನ್‌ನಲ್ಲಿ ಹ್ಯಾಮ್ ರೇಡಿಯೋ ಎಂಬ ಪ್ರತ್ಯೇಕ ವಿಭಾಗವೇ ಇದೆ. ಲಾಗ್ ಬರೆಯುವುದು, ಮೋರ್ಸ್ ಕಲಿಯುವುದು, ಉಪಗ್ರಹ ಎಲ್ಲಿದೆ ನೋಡುವುದು, ಎಲ್ಲಕ್ಕೂ ಅಲ್ಲಿ ಒಂದಲ್ಲ ಒಂದು ಪ್ರೋಗ್ರಾಂ ಸಿಗುತ್ತದೆ.

ಜೋಡಿಸುವಾಗ ಮೊದಲು ಬರುವ ತೊಡಕು ಅನುಮತಿಯದು. ಸೀರಿಯಲ್ ಪೋರ್ಟ್ ಮುಟ್ಟಲು ನಿಮ್ಮ ಯೂಸರ್ ಹೆಸರು ಡಯಲ್‌ಔಟ್ ಎಂಬ ಗುಂಪಿನಲ್ಲಿ ಇರಬೇಕು. ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಒಳಗೆ ಬರಬೇಕು, ಆಗಲೇ ಅದು ಜಾರಿಗೆ ಬರುವುದು. ಇದನ್ನು ತಪ್ಪಿಸಲು ಕೆಲವರು ಪ್ರೋಗ್ರಾಮನ್ನು ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಓಡಿಸುತ್ತಾರೆ. ದಯವಿಟ್ಟು ಬೇಡ. ಆಮೇಲೆ ಸೆಟ್ಟಿಂಗ್ ಫೈಲುಗಳು, ಲಾಗ್ ಫೈಲುಗಳು ರೂಟ್ ಹೆಸರಿಗೆ ಹೋಗಿ, ಮಾಮೂಲಿಯಾಗಿ ತೆರೆದಾಗ ಏನೂ ಸೇವ್ ಆಗುವುದಿಲ್ಲ. ಪೋರ್ಟಿನ ಹೆಸರೂ ನಂಬುವಂಥದ್ದಲ್ಲ. ಇವತ್ತು ಯುಎಸ್‌ಬಿ ಸೊನ್ನೆ, ನಾಳೆ ಯುಎಸ್‌ಬಿ ಒಂದು. ಸಾಧನದ ಗುರುತಿನಿಂದಲೇ ಮಾಡಿದ ಉದ್ದನೆಯ ಹೆಸರೂ ಡೆವ್ ಫೋಲ್ಡರಿನ ಸೀರಿಯಲ್ ಉಪಫೋಲ್ಡರಿನಲ್ಲಿ ಇರುತ್ತದೆ. ನಾನು ಎಲ್ಲ ಕಡೆ ಅದನ್ನೇ ಕೊಡುತ್ತೇನೆ.

ರೇಡಿಯೋ ಜೊತೆ ಮಾತಾಡುವ ಕೆಲಸ ಹ್ಯಾಮ್‌ಲಿಬ್ ಎಂಬ ಸಾಫ್ಟ್‌ವೇರ್‌ನದು. ಸೀರಿಯಲ್ ಪೋರ್ಟನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಹಿಡಿದರೆ ಚೆನ್ನ. ಆದರೆ ನನಗೆ ಎಫ್‌ಟಿ8 (ದುರ್ಬಲ ಸಿಗ್ನಲ್‌ಗಳ ಡಿಜಿಟಲ್ ಮೋಡ್) ಪ್ರೋಗ್ರಾಂ, ಲಾಗ್ ಪ್ರೋಗ್ರಾಂ, ಬೇರೆ ಡಿಜಿಟಲ್ ಮೋಡ್‌ಗಳ ಎಫ್‌ಎಲ್‌ಡಿಜಿ ಮೂರಕ್ಕೂ ಫ್ರೀಕ್ವೆನ್ಸಿ ಗೊತ್ತಾಗಬೇಕಿತ್ತು. ಹ್ಯಾಮ್‌ಲಿಬ್‌ನಲ್ಲಿ ರಿಗ್‌ಸಿಟಿಎಲ್‌ಡಿ ಅಂತ ಒಂದು ಹಿನ್ನೆಲೆ ಪ್ರೋಗ್ರಾಂ ಇದೆ. ಪೋರ್ಟನ್ನು ಅದೊಂದೇ ಹಿಡಿದುಕೊಳ್ಳುತ್ತದೆ. ಉಳಿದವರೆಲ್ಲ ನೆಟ್‌ವರ್ಕ್‌ನ 4532ನೇ ಪೋರ್ಟ್ ಮೂಲಕ ಅದನ್ನೇ ಕೇಳಬೇಕು. ಇಷ್ಟು ಮಾಡಿದ ಮೇಲೆ ಮೂರಕ್ಕೂ ಜಗಳವಿಲ್ಲ. ಇನ್ನೊಂದು ಮಾತು: ಹ್ಯಾಮ್‌ಲಿಬ್‌ನಲ್ಲಿ 1ನೇ ಮಾಡೆಲ್ ಡಮ್ಮಿ ರೇಡಿಯೋ. ನಿಜವಾದ ಸೆಟ್ ಜೋಡಿಸುವ ಮೊದಲು ಅದರಲ್ಲೇ ಎಲ್ಲ ಪರೀಕ್ಷಿಸಿ ನೋಡಬಹುದು.

ನನಗೆ ಅತಿ ಜಾಸ್ತಿ ಸಮಯ ಹಿಡಿದಿದ್ದು ಆಡಿಯೋ. ಡಿಜಿಟಲ್ ಮೋಡ್‌ನಲ್ಲಿ ಕಂಪ್ಯೂಟರಿನ ಸೌಂಡ್ ಕಾರ್ಡೇ ಮೋಡೆಮ್. ಅಲ್ಲಿ ಕೆಡಿಸಿದರೆ ಬ್ಯಾಂಡ್ ಮೇಲೂ ಕೆಡುತ್ತದೆ. ರೇಡಿಯೋಗೆ ಪ್ರತ್ಯೇಕ ಸೌಂಡ್ ಕಾರ್ಡ್ ಇರಲೇಬೇಕು ಅಂತ ನನ್ನ ಅಭಿಪ್ರಾಯ. ಇವತ್ತಿನ ಹಲವು ಸೆಟ್‌ಗಳಲ್ಲಿ ಅದು ಒಳಗೇ ಇದೆ. ಆ ಕಾರ್ಡನ್ನು ಸಿಸ್ಟಮ್‌ನ ಡಿಫಾಲ್ಟ್ ಮಾಡಬೇಡಿ. ಮಾಡಿದರೆ ಮೇಲ್ ಬಂದ ಸದ್ದು, ವಿಡಿಯೋದ ಹಾಡು ಎಲ್ಲವೂ ರೇಡಿಯೋ ಕಡೆಗೇ ಹೋಗುತ್ತವೆ. ಪೈಪ್‌ವೈರ್ ಎಂಬ ಆಡಿಯೋ ವ್ಯವಸ್ಥೆ ಬಂದ ಮೇಲೆ ಯಾವ ಪ್ರೋಗ್ರಾಮಿನ ದನಿ ಎಲ್ಲಿಗೆ ಹೋಗುತ್ತಿದೆ ಎಂದು ಚಿತ್ರದಂತೆ ನೋಡಿಕೊಂಡು ಎಳೆ ಜೋಡಿಸಬಹುದು. ಸೌಂಡ್ ಕಾರ್ಡಿನ ಮಟ್ಟ ಹೊಂದಿಸುವ ಆಲ್ಸಾ ಮಿಕ್ಸರ್ ತೆರೆದು ಆಟೋ ಗೇನ್ ಇದ್ದರೆ ಆರಿಸಿಬಿಡಿ, ಅದು ಸಣ್ಣ ಸಿಗ್ನಲ್‌ಗಳ ಶತ್ರು.

ಲೆವೆಲ್ ಹೀಗೆ ಇಟ್ಟುಕೊಂಡಿದ್ದೇನೆ. ಬ್ಯಾಂಡ್‌ನಲ್ಲಿ ಬರೀ ಗದ್ದಲ ಇರುವಾಗ ಎಫ್‌ಟಿ8 ಪ್ರೋಗ್ರಾಂ ಡಬ್ಲ್ಯುಎಸ್‌ಜೆಟಿ-ಎಕ್ಸ್‌ನ ಹಸಿರು ಪಟ್ಟಿ 30 ಡಿಬಿ ಹತ್ತಿರ ನಿಲ್ಲಬೇಕು. ಕಳಿಸುವಾಗ ದನಿಯನ್ನು ಮೆಲ್ಲಗೆ ಏರಿಸುತ್ತಾ ಹೋಗಿ, ರೇಡಿಯೋದ ಎಎಲ್‌ಸಿ ಮೀಟರ್ (ದನಿ ಅತಿಯಾದರೆ ತೋರಿಸುವುದು) ಅಲುಗಾಡಲು ಶುರುವಾದರೆ ಸ್ವಲ್ಪ ಇಳಿಸಿ ನಿಲ್ಲಿಸುತ್ತೇನೆ. ಸ್ಪ್ಲಿಟ್ ಆಯ್ಕೆಯಲ್ಲಿ ‘ಫೇಕ್ ಇಟ್’ ಹಾಕಿ. ಅದು ಏನು ಮಾಡುತ್ತದೆ ಅಂತ ಬಹಳ ದಿನ ನನಗೆ ತಿಳಿದಿರಲಿಲ್ಲ. ನೀವು 700 ಹರ್ಟ್ಸ್ ಸ್ವರ ಕಳಿಸುತ್ತಿದ್ದೀರಿ ಅಂದುಕೊಳ್ಳಿ. ಆಡಿಯೋ ಸ್ವಲ್ಪ ಒಡೆದರೂ 1400, 2100ರಲ್ಲಿ ಅದರ ಮರಿಗಳು ಹುಟ್ಟುತ್ತವೆ. ಎರಡೂ ಫಿಲ್ಟರ್ ಒಳಗೇ ಇರುವುದರಿಂದ ಗಾಳಿಗೆ ಹೋಗುತ್ತವೆ. ಈ ಆಯ್ಕೆ ಹಾಕಿದರೆ ಪ್ರೋಗ್ರಾಂ ರೇಡಿಯೋದ ಡಯಲ್ಲನ್ನೇ ಸರಿಸಿ, ಸ್ವರವನ್ನು ಯಾವಾಗಲೂ 1500ರಿಂದ 2000 ಹರ್ಟ್ಸ್ ನಡುವೆ ಇಡುತ್ತದೆ. ಮರಿಗಳು 3000ದಿಂದ ಮೇಲೆ ಬೀಳುತ್ತವೆ, ಫಿಲ್ಟರ್ ಅವನ್ನು ತಡೆಯುತ್ತದೆ. ಎಷ್ಟು ಚೆಂದದ ಉಪಾಯ ಅಲ್ವಾ?

ಡಬ್ಲ್ಯುಎಸ್‌ಜೆಟಿ-ಎಕ್ಸ್‌ನ ಹಿಂದಿರುವವರು ಜೋ ಟೇಲರ್, ಕೆ1ಜೆಟಿ. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಎಫ್‌ಟಿ8 ಹೊರಬಂದಿದ್ದು 2017ರಲ್ಲಿ. ಹೆಸರಿನ ಎಫ್ ಸ್ಟೀವ್ ಫ್ರಾಂಕೆ ಅವರದು, ಟಿ ಟೇಲರ್ ಅವರದು. 15 ಸೆಕೆಂಡಿಗೆ ಒಂದು ಸರದಿ. ಅದರಲ್ಲಿ 12.64 ಸೆಕೆಂಡ್ ಟ್ರಾನ್ಸ್‌ಮಿಟ್. ಎಂಟು ಸ್ವರ ಸೇರಿ ಅಗಲ 50 ಹರ್ಟ್ಸ್ ಮಾತ್ರ. ಕಿವಿಗೆ ಕೇಳಿಸದ ಸಿಗ್ನಲ್ಲನ್ನೂ ಅದು ಬಿಡಿಸುತ್ತದೆ. ಆದರೆ ಎರಡೂ ಕಡೆ ಗಡಿಯಾರ ಹೊಂದಬೇಕು. ಮೊದಲ ದಿನ ನನ್ನ ವಾಟರ್‌ಫಾಲ್ (ಸಿಗ್ನಲ್‌ಗಳನ್ನು ತೋರಿಸುವ ಚಿತ್ರ) ತುಂಬಾ ಸಿಗ್ನಲ್, ಪರದೆ ಮೇಲೆ ಒಂದು ಅಕ್ಷರ ಇಲ್ಲ. ಲ್ಯಾಪ್‌ಟಾಪ್ ಗಡಿಯಾರ ನಾಲ್ಕು ಸೆಕೆಂಡ್ ಹಿಂದಿತ್ತು. ಗಡಿಯಾರ ಸರಿಪಡಿಸುವ ಕ್ರೋನಿ ಎಂಬ ಪ್ರೋಗ್ರಾಂ ಹಾಕಿದೆ, ಅರ್ಧ ನಿಮಿಷದಲ್ಲಿ ಸಾಲುಗಳು ಸುರಿಯತೊಡಗಿದವು. ಈಗ ಡಿಟಿ (ಸಮಯದ ವ್ಯತ್ಯಾಸ) ಕಾಲಂ ಮೇಲೆ ಯಾವಾಗಲೂ ಒಂದು ಕಣ್ಣಿರುತ್ತದೆ. ಎಲ್ಲರ ಸಂಖ್ಯೆಯೂ ಒಂದೇ ಕಡೆಗೆ ವಾಲಿದ್ದರೆ ತಪ್ಪಿರುವುದು ನನ್ನ ಗಡಿಯಾರ. ಇಂಟರ್ನೆಟ್ ಇಲ್ಲದ ಬಯಲಿಗೆ ಹೋಗುವಾಗ ಯುಎಸ್‌ಬಿ ಜಿಪಿಎಸ್ ಒಯ್ಯುತ್ತೇನೆ, ಕ್ರೋನಿ ಅದರಿಂದಲೇ ಸಮಯ ತೆಗೆದುಕೊಳ್ಳುತ್ತದೆ.

ಎಫ್‌ಟಿ8ನಲ್ಲಿ ಕಾಲ್‌ಸೈನ್, ಜಾಗ, ವರದಿ ಇಷ್ಟು ಬಿಟ್ಟರೆ ಜಾಸ್ತಿ ಮಾತಿಲ್ಲ. ಅದು ಸಾಲದು ಅಂತ ಅನ್ನಿಸಿದವರು ಅದರ ಸೋರ್ಸ್ ಕೋಡನ್ನೇ ತೆಗೆದುಕೊಂಡು ಜೆಎಸ್8ಕಾಲ್ ಮಾಡಿದರು. ಅದೇ ಬಗೆಯ ದುರ್ಬಲ ಸಿಗ್ನಲ್‌ನಲ್ಲಿ ಕುಶಲ ವಿಚಾರಿಸಬಹುದು, ಇನ್ನೊಬ್ಬರ ಮೂಲಕ ಸಂದೇಶ ದಾಟಿಸಬಹುದು. ಕೋಡ್ ಯಾರು ಬೇಕಾದರೂ ಬದಲಾಯಿಸಿ ಹಂಚಬಹುದಾದ ಜಿಪಿಎಲ್ ಲೈಸೆನ್ಸ್‌ನಲ್ಲಿ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ.

ಅಗ್ಗದ ಆರ್‌ಟಿಎಲ್ ಟಿವಿ ಡಾಂಗಲ್ ಕೂಡ ನನ್ನ ಮೇಜಿನ ಮೇಲಿದೆ. ಅದನ್ನು ಕರ್ನಲ್ ಟಿವಿ ಟ್ಯೂನರ್ ಅಂತಲೇ ಹಿಡಿದುಕೊಳ್ಳುತ್ತದೆ. ಆ ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್ ಮಾಡಿದ ಮೇಲೆಯೇ ಅದು ಜಿಕ್ಯುಆರ್‌ಎಕ್ಸ್ ಎಂಬ ರೇಡಿಯೋ ರಿಸೀವರ್ ಪ್ರೋಗ್ರಾಮಿಗೆ ಸಿಕ್ಕಿದ್ದು. ಅದರ ಆಡಿಯೋವನ್ನು ನೇರವಾಗಿ ಪ್ಯಾಕೆಟ್ ಬಿಡಿಸುವ ಡೈರ್‌ವುಲ್ಫ್‌ಗೆ ಕೊಟ್ಟು, 145.825 ಮೆಗಾಹರ್ಟ್ಸ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಪ್ಯಾಕೆಟ್‌ಗಳನ್ನು ಹಿಡಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎಲ್ಲವೂ ಸಲೀಸು ಅಂತ ಹೇಳಲಾರೆ. ರೇಡಿಯೋ ಮೂಲಕ ಡೇಟಾ ಕಳಿಸುವ ವಾರಾ ಮೋಡೆಮ್ ಪ್ರೋಗ್ರಾಂ ವಿಂಡೋಸ್‌ಗಾಗಿ ಮಾಡಿದ್ದು, ಕೋಡ್ ಮುಚ್ಚಿದೆ. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಮೂಲಕ ಓಡಿಸುತ್ತೇನೆ, ಒಮ್ಮೊಮ್ಮೆ ಮೊಂಡು ಹಿಡಿಯುತ್ತದೆ. ರೇಡಿಯೋದ ಫರ್ಮ್‌ವೇರ್ ಅಪ್‌ಡೇಟ್‌ಗೆ ನಾನು ಈಗಲೂ ವಿಂಡೋಸ್ ಯಂತ್ರ ಹುಡುಕಿಕೊಂಡು ಹೋಗುತ್ತೇನೆ. ಡಿಜಿಟಲ್ ದನಿಗೆ ಡೇವಿಡ್ ರೋವ್ ಅವರ ಕೋಡೆಕ್2 ಎಂಬ ಮುಕ್ತ ಕೋಡೆಕ್ (ದನಿಯನ್ನು ಕಡಿಮೆ ಡೇಟಾ ಮಾಡುವ ವಿಧಾನ) ಇದೆ, ಆದರೆ ಡಿ-ಸ್ಟಾರ್, ಡಿಎಂಆರ್ ಎಂಬ ಡಿಜಿಟಲ್ ದನಿಯ ಸೆಟ್‌ಗಳಲ್ಲಿ ಇರುವುದು ಪೇಟೆಂಟಿನೊಂದಿಗೆ ಬಂದ ಆಂಬಿ ಕೋಡೆಕ್. ಇದು ನನಗೆ ಬೇಸರದ ಸಂಗತಿ.

ಸಾಫ್ಟ್‌ವೇರ್ ಅಂತ ಬೈದು, ಆಮೇಲೆ ಬೇರೇನೋ ಅಂತ ಗೊತ್ತಾದದ್ದೂ ಉಂಟು. 15 ವ್ಯಾಟ್‌ನಲ್ಲಿ ಎಲ್ಲ ಸರಿ. 50ಕ್ಕೆ ಏರಿಸಿದರೆ ನಡುವೆಯೇ ಪೋರ್ಟ್ ಮಾಯವಾಗಿ ರೇಡಿಯೋ ಟ್ರಾನ್ಸ್‌ಮಿಟ್‌ನಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಲಾಗ್‌ನಲ್ಲಿ ‘ಯುಎಸ್‌ಬಿ ಡಿಸ್ಕನೆಕ್ಟ್’ ಎಂದು ಸ್ಪಷ್ಟವಾಗಿ ಬರೆದಿತ್ತು. ಸುಮ್ನೆ ಡ್ರೈವರ್ ಬದಲಾಯಿಸುತ್ತಾ ಒಂದು ವಾರ ಕಳೆದಿದ್ದೆ. ರೇಡಿಯೋದ ಸಿಗ್ನಲ್ಲೇ (ಆರ್‌ಎಫ್) ಯುಎಸ್‌ಬಿ ಕೇಬಲ್ ಹಿಡಿದು ಕಂಪ್ಯೂಟರಿನ ಒಳಗೆ ಬರುತ್ತಿತ್ತು. ಯುಎಸ್‌ಬಿ ಕೇಬಲ್‌ನ ಎರಡೂ ತುದಿಗೆ ಅದನ್ನು ತಡೆಯುವ ಫೆರೈಟ್ ಉಂಗುರ ಹಾಕಿ, ಆಂಟೆನಾ ಬುಡದಲ್ಲಿ ಚೋಕ್ (ಸುರುಳಿ) ಸುತ್ತಿದ ಮೇಲೆ ಆ ಸಾಲು ಮತ್ತೆ ಬಂದಿಲ್ಲ.

ಕಳೆದ ಮಳೆಗಾಲದಲ್ಲಿ ಇನ್ನೊಂದು ಕೆಲಸ ಮಾಡಿದೆ. ಹ್ಯಾಮ್‌ಲಿಬ್ ತೋರಿಸುತ್ತಿದ್ದ ಸಿಗ್ನಲ್ ಮಟ್ಟ ನನ್ನ ಸೆಟ್‌ನ ಮೀಟರಿಗೆ ತಾಳೆ ಆಗುತ್ತಿರಲಿಲ್ಲ. ನಾನು ಪ್ರೋಗ್ರಾಮರ್ ಅಲ್ಲ. ಆದರೂ ನನ್ನ ಮಾಡೆಲ್‌ನ ಸೋರ್ಸ್ ಫೈಲ್ ತೆರೆದು ನೋಡಿದೆ. ಅಲ್ಲಿ ಬರೀ ಸಂಖ್ಯೆಗಳ ಒಂದು ಪಟ್ಟಿ ಇತ್ತು: ರೇಡಿಯೋ ಇಂಥ ಅಂಕಿ ಕೊಟ್ಟರೆ ಎಸ್9ಕ್ಕಿಂತ (ಸಿಗ್ನಲ್ ಮೀಟರಿನ ಒಂದು ಗುರುತು) ಇಷ್ಟು ಡಿಬಿ ಮೇಲೆ ಅಥವಾ ಕೆಳಗೆ ಅಂತ. ಸ್ನೇಹಿತರೊಬ್ಬರಿಂದ ಸಿಗ್ನಲ್ ಜನರೇಟರ್ ತಂದು, ಎಸ್9 ಎಂದರೆ ಮೈನಸ್ 73 ಡಿಬಿಎಂ ಅಂತ ಇಟ್ಟುಕೊಂಡು, ಆರಾರು ಡಿಬಿ ಇಳಿಸುತ್ತಾ ಒಂದೊಂದೇ ಅಂಕಿ ಬರೆದುಕೊಂಡೆ. ಹೊಸ ಪಟ್ಟಿ ಹಾಕಿ ಕಂಪೈಲ್ ಮಾಡಿದೆ. ತಾಳೆ ಆಯಿತು. ಅಳತೆಗಳ ಜೊತೆ ಬದಲಾವಣೆಯನ್ನು ಯೋಜನೆಗೆ ಕಳಿಸಿದೆ. ಅವರು ಎರಡು ಪ್ರಶ್ನೆ ಕೇಳಿದರು, ಉತ್ತರ ಕೊಟ್ಟೆ, ಸೇರಿಸಿಕೊಂಡರು. ಆ ಪಟ್ಟಿಯಲ್ಲಿ ಈಗ ಹನ್ನೊಂದು ಸಾಲು ನನ್ನ ಅಳತೆಯವು.